ಕಲ್ಲಿದ್ದಲಿನ ಒಂದು ಯೂನಿಟ್‌ಗೆ ನಾವು ನಿಜವಾಗಿ ಎಷ್ಟು ಕೊಡುತ್ತಿದ್ದೇವೆ? ರಾಯಚೂರಿನ ಲೆಕ್ಕ, ಪಾವಗಡದ ಲೆಕ್ಕ

ಲೆಕ್ಕದ ಪುಸ್ತಕ

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ನಮ್ಮೂರಿನ ವಾಚನಾಲಯದ ಜಗಲಿಯಲ್ಲಿ ಕರೆಂಟ್ ಬಿಲ್ಲಿನ ಮಾತು ಬಂತು. ಸೌರ ವಿದ್ಯುತ್ ಎರಡೂವರೆ ರೂಪಾಯಿಗೆ ಸಿಗುತ್ತಿರುವಾಗ ಕಲ್ಲಿದ್ದಲಿನದಕ್ಕೆ ಐದು ರೂಪಾಯಿಗಿಂತ ಹೆಚ್ಚು ಕೊಡುವುದೇಕೆ, ಆ ಸ್ಥಾವರಗಳನ್ನು ಮುಚ್ಚಬಾರದೇಕೆ ಎಂದು ಒಬ್ಬರು ಕೇಳಿದರು. ಹಾಗಾದರೆ ರಾತ್ರಿ ದೀಪ ಉರಿಯುವುದು ಯಾವುದರಿಂದ ಎಂದು ಇನ್ನೊಬ್ಬರು ಕೇಳಿದರು. ಇಬ್ಬರ ಪ್ರಶ್ನೆಯೂ ನ್ಯಾಯವಾದದ್ದೇ. ಆದರೆ ಇಬ್ಬರ ಬಳಿಯೂ ಲೆಕ್ಕ ಇರಲಿಲ್ಲ. ಮೂವತ್ತು ವರ್ಷ ಲೆಕ್ಕಪತ್ರದ ಕೆಲಸ ಮಾಡಿದವನು ನಾನು. ಮನೆಗೆ ಬಂದ ಮೇಲೂ ಆ ಪ್ರಶ್ನೆಗಳು ಬಿಡಲಿಲ್ಲವಾದ್ದರಿಂದ ಕುಳಿತು ಬರೆದದ್ದನ್ನು ಇಲ್ಲಿ ಹಾಕುತ್ತಿದ್ದೇನೆ. ತಪ್ಪಿದ್ದರೆ ತಿದ್ದಬೇಕೆಂದು ವಿನಂತಿ.

ಮೊದಲು ನೆನಪಿಡಬೇಕಾದ ಸಂಗತಿಯೆಂದರೆ ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲು ಇಲ್ಲ. ಶಕ್ತಿನಗರದ ರಾಯಚೂರು ಸ್ಥಾವರ 1720 ಮೆಗಾವ್ಯಾಟ್, ಕುಡತಿನಿಯ ಬಳ್ಳಾರಿ ಸ್ಥಾವರ 1700, ಯರಮರಸ್ 1600. ಈ ಮೂರೂ ನಮ್ಮ ರಾಜ್ಯದವೇ ಆದರೂ ಅವು ಉರಿಸುವ ಕಲ್ಲಿದ್ದಲು ತೆಲಂಗಾಣದ ಸಿಂಗರೇಣಿಯಿಂದ, ಒಡಿಶಾದ ತಾಲ್ಚೇರ್ ಕಡೆಯಿಂದ, ಮಹಾರಾಷ್ಟ್ರದ ಗಣಿಗಳಿಂದ ರೈಲಿನಲ್ಲಿ ಬರಬೇಕು. ಚಂದ್ರಪುರ ಜಿಲ್ಲೆಯ ಬರಾಂಜ್ ಗಣಿ ನಮ್ಮ ರಾಜ್ಯದ ಪಾಲಿಗೆ ಬಂದಿತ್ತು. 2014ರಲ್ಲಿ ಸುಪ್ರೀಂ ಕೋರ್ಟ್ ದೇಶದ ಗಣಿ ಹಂಚಿಕೆಗಳನ್ನು ರದ್ದುಗೊಳಿಸಿದಾಗ ಅದೂ ಹೋಯಿತು. ಆಮೇಲೆ ಮತ್ತೆ ನಮಗೇ ಹಂಚಿಕೆಯಾದರೂ ಅಲ್ಲಿ ಕೆಲಸ ಪುನಃ ಆರಂಭವಾಗಲು ಹಲವು ವರ್ಷ ಹಿಡಿಯಿತು.

ರಾಯಚೂರಿನ ಎಂಟೂ ಘಟಕಗಳು ದಿನವಿಡೀ ಪೂರ್ತಿ ಓಡಿದರೆ ಸುಮಾರು 4.1 ಕೋಟಿ ಯೂನಿಟ್ ಉತ್ಪಾದನೆಯಾಗುತ್ತದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಒಂದು ಯೂನಿಟ್‌ಗೆ ಸುಮಾರು 650 ಗ್ರಾಂ ಬೇಕು. ಅಂದರೆ ದಿನಕ್ಕೆ 27,000 ಟನ್‌ನಷ್ಟು, ಒಂದು ಗೂಡ್ಸ್ ರೇಕ್ (ಇಡೀ ಒಂದು ಗೂಡ್ಸ್ ರೈಲು) ಹೆಚ್ಚುಕಡಿಮೆ 3,900 ಟನ್ ಹೊರುತ್ತದೆಂದರೆ ಏಳು ರೇಕ್. ಯಾವ ಹಬ್ಬವಿರಲಿ, ಎಲ್ಲಿ ಹಳಿ ದುರಸ್ತಿ ಇರಲಿ, ಈ ಏಳು ರೇಕ್ ದಿನವೂ ಬರಬೇಕು.

ಸ್ಥಾವರದ ಬಾಗಿಲಿಗೆ ಬಂದ ಕಲ್ಲಿದ್ದಲಿಗೆ ಟನ್ನಿಗೆ 5,000 ರೂಪಾಯಿ ಎಂದಿಟ್ಟುಕೊಂಡರೆ ಯೂನಿಟ್‌ಗೆ ಇಂಧನದ ಖರ್ಚೇ 3.25 ರೂಪಾಯಿ. ಅದರಲ್ಲಿ ರೈಲು ಬಾಡಿಗೆ ಟನ್ನಿಗೆ 2,000 ಎಂದು ಹಿಡಿದರೆ ಯೂನಿಟ್‌ಗೆ 1.30 ರೂಪಾಯಿ ಬರೀ ಸಾಗಾಣಿಕೆಗೆ ಹೋಯಿತು. ದೂರದ ಗಣಿಯಿಂದ ತರಿಸಿದಾಗ ಕಲ್ಲಿದ್ದಲಿನ ಸ್ವಂತ ಬೆಲೆಗಿಂತ ಅದರ ಬಾಡಿಗೆಯೇ ಹೆಚ್ಚಾಗುವುದುಂಟು. ರೈಲ್ವೆ ಇಲಾಖೆ ಪ್ರಯಾಣಿಕರ ಟಿಕೆಟ್ಟಿನಲ್ಲಿ ಆಗುವ ನಷ್ಟವನ್ನು ಸರಕು ಸಾಗಣೆಯ ಆದಾಯದಿಂದ, ಅದರಲ್ಲೂ ಮುಖ್ಯವಾಗಿ ಕಲ್ಲಿದ್ದಲಿನಿಂದ ತುಂಬಿಕೊಳ್ಳುತ್ತ ಬಂದಿದೆ. ಆದ್ದರಿಂದ ನಮ್ಮ ಕರೆಂಟ್ ಬಿಲ್ಲಿನ ಒಂದು ಪಾಲು ಇನ್ನಾರದೋ ರೈಲು ಟಿಕೆಟ್ಟಿಗೆ ಹೋಗುತ್ತಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಇದು ಇಂಧನದ ಮಾತಾಯಿತು. ಇದಲ್ಲದೆ ಸ್ಥಿರ ವೆಚ್ಚ ಎಂಬುದೊಂದಿದೆ: ಸಾಲದ ಬಡ್ಡಿ, ಸವಕಳಿ, ಸಿಬ್ಬಂದಿಯ ಸಂಬಳ, ಹೂಡಿದ ಬಂಡವಾಳದ ಮೇಲಿನ ಪ್ರತಿಫಲ. ಸ್ಥಾವರ ಸಿದ್ಧವಾಗಿದ್ದು ನಾವೇ ವಿದ್ಯುತ್ ಬೇಡವೆಂದರೂ ಇದನ್ನು ಎಸ್ಕಾಂಗಳು (ವಿದ್ಯುತ್ ಹಂಚುವ ಕಂಪನಿಗಳು) ಕೊಡಲೇಬೇಕು. ಹೊಸ ಸ್ಥಾವರ ಕಟ್ಟಲು ಮೆಗಾವ್ಯಾಟ್‌ಗೆ 9 ಕೋಟಿ ಖರ್ಚಾಗಿ, ವರ್ಷದ ಸ್ಥಿರ ವೆಚ್ಚ ಅದರ ಶೇ 15 ಎಂದುಕೊಳ್ಳೋಣ. ವರ್ಷದಲ್ಲಿ ಶೇ 85ರಷ್ಟು ಓಡಿದರೆ ಅದು ಯೂನಿಟ್‌ಗೆ 1.81 ರೂಪಾಯಿ ಆಗುತ್ತದೆ. ಶೇ 50ರಷ್ಟೇ ಓಡಿದರೆ 3.08 ರೂಪಾಯಿ. ಯಂತ್ರವೂ ಅದೇ, ಕಲ್ಲಿದ್ದಲೂ ಅದೇ. ಕಡಿಮೆ ಓಡಿದ್ದಕ್ಕೇ ಯೂನಿಟ್ 1.27 ರೂಪಾಯಿ ತುಟ್ಟಿಯಾಯಿತು.

ಹಗಲು ಸೌರ ವಿದ್ಯುತ್ ಹೆಚ್ಚಾದಂತೆ ಕಲ್ಲಿದ್ದಲು ಸ್ಥಾವರಗಳು ಓಡುವ ಗಂಟೆಗಳು ಕಡಿಮೆಯಾಗುತ್ತವೆ, ಅವು ಕೊಡುವ ಪ್ರತಿ ಯೂನಿಟ್ಟೂ ತುಟ್ಟಿಯಾಗುತ್ತದೆ. ಆದ್ದರಿಂದ ಎರಡರ ದರವನ್ನು ಬೇರೆ ಬೇರೆಯಾಗಿ ಬರೆದು ಅಕ್ಕಪಕ್ಕ ಇಡುವುದು ಸರಿಯಾದ ಹೋಲಿಕೆಯಲ್ಲ. ಯಾವ ಹೊತ್ತಿನ ಯೂನಿಟ್ ಎಂದು ಕೇಳದೆ ಬೆಲೆ ಹೇಳಲಾಗದು ಎಂಬುದು ನನ್ನ ಅಭಿಪ್ರಾಯ.

ಬಾಯ್ಲರ್ ವಿಭಾಗ (ನಿವೃತ್ತ)

ಲೆಕ್ಕ ಓದಿ ಸಂತೋಷವಾಯಿತು ಸರ್. ನಾನು ಒಂದು ಶಾಖೋತ್ಪನ್ನ ಸ್ಥಾವರದಲ್ಲಿ ಇಪ್ಪತ್ತೆಂಟು ವರ್ಷ ದುಡಿದವನು. ಯಾವುದೆಂದು ಹೇಳುವುದು ಬೇಡ. ನಿಮ್ಮ 650 ಗ್ರಾಂ ಲೆಕ್ಕ ಸರಿಯಾಗಿದೆ, ಆದರೆ ಅದು ಬಂದ ಕಲ್ಲಿದ್ದಲು ಕಾಗದದಲ್ಲಿ ಬರೆದ ದರ್ಜೆಯದೇ ಆಗಿದ್ದಾಗ ಮಾತ್ರ.

ನಮ್ಮ ಕಲ್ಲಿದ್ದಲಿನಲ್ಲಿ ಶೇ 35ರಿಂದ 45ರವರೆಗೆ ಬೂದಿ ಇರುತ್ತದೆ. ಅಂದರೆ ಸಾವಿರ ಕಿಲೋಮೀಟರ್ ಹೊತ್ತು ತಂದ ಪ್ರತಿ ಹತ್ತು ವ್ಯಾಗನ್ನಿನಲ್ಲಿ ನಾಲ್ಕು ವ್ಯಾಗನ್ ಉರಿಯದ ಮಣ್ಣು, ಅದಕ್ಕೂ ಬಾಡಿಗೆ ಕೊಟ್ಟಿರುತ್ತೇವೆ. ಮಳೆಗಾಲದಲ್ಲಂತೂ ಒದ್ದೆ ಕಲ್ಲಿದ್ದಲು ವ್ಯಾಗನ್ನಿನ ಗೋಡೆಗೆ ಅಂಟಿ ಕುಳಿತುಬಿಡುತ್ತಿತ್ತು. ಟಿಪ್ಲರ್ ಇಡೀ ವ್ಯಾಗನ್ನನ್ನು ತಲೆಕೆಳಗು ಮಾಡಿದರೂ ಅರ್ಧ ಮಾತ್ರ ಬೀಳುತ್ತಿತ್ತು, ಉಳಿದದ್ದನ್ನು ಹುಡುಗರು ಕಬ್ಬಿಣದ ಸಲಾಕೆಯಿಂದ ಕೆದಕಿ ಬೀಳಿಸಬೇಕಿತ್ತು. ಬಾಯ್ಲರಿಗೆ ಕಲ್ಲಿದ್ದಲು ಇಳಿಸುವ ಬಂಕರ್‌ನೊಳಗೆ ಅದೇ ಕೆಸರು ಕಮಾನು ಕಟ್ಟಿಕೊಂಡು ಕೆಳಗೆ ಇಳಿಯದಿದ್ದಾಗ, ಹೊರಗಿನಿಂದ ಸುತ್ತಿಗೆಯಲ್ಲಿ ಬಡಿಯುವ ಸದ್ದು ರಾತ್ರಿಯಿಡೀ ಕಂಟ್ರೋಲ್ ರೂಮಿಗೆ ಕೇಳಿಸುತ್ತಿತ್ತು. ಒಮ್ಮೆ ಒಂದು ರೇಕ್‌ನಲ್ಲಿ ಎರಡು ಆಳೆತ್ತರದ ರಾಶಿಯಾಗುವಷ್ಟು ಕಲ್ಲುಗಳೇ ಬಂದಿದ್ದವು. ಅವನ್ನು ಆರಿಸಿ ಗುಡ್ಡೆ ಹಾಕಿ ಫೋಟೊ ತೆಗೆಸಿ ದೂರು ಬರೆದೆವು. ದುಡ್ಡು ವಾಪಸು ಬಂದದ್ದು ನನಗೆ ನೆನಪಿಲ್ಲ.

ಇನ್ನೊಂದು ಮಾತು. ಬಾಯ್ಲರ್ ಎಂಬುದು ಮನೆಯ ಗ್ಯಾಸ್ ಒಲೆಯಂತೆ ಗುಬುಟು ತಿರುಗಿಸಿ ಆರಿಸಿ ಹೊತ್ತಿಸುವ ವಸ್ತುವಲ್ಲ. ಹಗಲು ಬಿಸಿಲಿದೆ, ಲೋಡ್ ಇಳಿಸಿ ಎಂದು ಲೋಡ್ ಡಿಸ್ಪ್ಯಾಚ್ ಕೇಂದ್ರದಿಂದ ಹೇಳಿದಾಗ ಶೇ 55ರವರೆಗೆ ಹೇಗೋ ಇಳಿಸಬಹುದು. ಅದಕ್ಕಿಂತ ಕೆಳಗಿಳಿದರೆ ಬೆಂಕಿ ಸ್ಥಿರವಾಗಿ ನಿಲ್ಲಲು ಎಣ್ಣೆ ಸಿಂಪಡಿಸಬೇಕಾಗುತ್ತದೆ, ಎಣ್ಣೆಯ ಬೆಲೆ ನಿಮಗೆ ಗೊತ್ತೇ ಇದೆ. ಪೂರ್ತಿ ನಿಲ್ಲಿಸಿ ತಣ್ಣಗಾದ ಮೇಲೆ ಮತ್ತೆ ಹೊತ್ತಿಸಲು ಎಣ್ಣೆ ಟ್ಯಾಂಕರುಗಟ್ಟಲೆ ಬೇಕು. ದಿನವೂ ಹೀಗೆ ಏರಿಳಿಸಿದರೆ ಬಾಯ್ಲರ್ ಕೊಳವೆಗಳು ಹಿಗ್ಗಿ ಕುಗ್ಗಿ ಬೇಗ ಸೋರುತ್ತವೆ. ದರಪಟ್ಟಿಯಲ್ಲಿ ಕಾಣದ ಈ ಖರ್ಚು ನಾಲ್ಕೈದು ವರ್ಷದ ನಂತರ ದುರಸ್ತಿಯ ಬಾಬಿನಲ್ಲಿ ಎದ್ದು ಬರುತ್ತದೆ.

ತಿರುಮಣಿ ಕಡೆಯವ

ನಾನು ಪಾವಗಡ ತಾಲ್ಲೂಕಿನವನು. ನಮ್ಮ ಹನ್ನೊಂದು ಎಕರೆ ಸೋಲಾರ್ ಪಾರ್ಕಿಗೆ ಹೋಗಿದೆ. ಮಾರಿಲ್ಲ, ಗುತ್ತಿಗೆ. ಎಕರೆಗೆ ವರ್ಷಕ್ಕೆ 21,000 ಎಂದು ಆರಂಭವಾಗಿ ಎರಡು ವರ್ಷಕ್ಕೊಮ್ಮೆ ಶೇ 5 ಏರುತ್ತದೆ. ಶೇಂಗಾ ಬಿತ್ತಿ ಮಳೆ ಬಾರದೆ ಬೀಜದ ದುಡ್ಡೂ ಹುಟ್ಟದ ವರ್ಷಗಳನ್ನು ಕಂಡವರಿಗೆ ಇದು ದೊಡ್ಡ ಆಸರೆ. ಇದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಭೂಮಿ ಇಲ್ಲದೆ ನಮ್ಮ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಗುತ್ತಿಗೆಯ ದುಡ್ಡು ಬರುವುದಿಲ್ಲ, ಕುರಿ ಮೇಯಿಸುವವರಿಗೆ ಬೇಲಿಯೊಳಗೆ ಜಾಗವಿಲ್ಲ. ಸೌರ ವಿದ್ಯುತ್ ಅಗ್ಗ ಎಂದು ಬರೆಯುವಾಗ ಇವರ ನಷ್ಟ ಯಾವ ಬಾಬಿನಲ್ಲಿ ಬರುತ್ತದೆ ಎಂದು ಲೆಕ್ಕ ಬಲ್ಲವರು ತಿಳಿಸಬೇಕು. ನಮಗೆ ಸಿಗುವ 21,000 ಒಂದು ಯೂನಿಟ್‌ನಲ್ಲಿ ಎಷ್ಟು ಪೈಸೆ ಎಂಬುದನ್ನೂ ತಿಳಿಯುವ ಆಸೆ ಇದೆ.

ಲೆಕ್ಕದ ಪುಸ್ತಕ

ಒಳ್ಳೆಯ ಪ್ರಶ್ನೆ ಅಣ್ಣ. ಪಾರ್ಕ್ ಸುಮಾರು 13,000 ಎಕರೆ, 2050 ಮೆಗಾವ್ಯಾಟ್, ಮೆಗಾವ್ಯಾಟ್‌ಗೆ 6.3 ಎಕರೆ ಬಿತ್ತು. 21,000ದಂತೆ ಮೆಗಾವ್ಯಾಟ್‌ಗೆ ವರ್ಷಕ್ಕೆ 1.33 ಲಕ್ಷ ಗುತ್ತಿಗೆ. ನಿಮ್ಮ ಕಡೆಯ ಬಿಸಿಲಿಗೆ ಒಂದು ಮೆಗಾವ್ಯಾಟ್ ವರ್ಷಕ್ಕೆ 20 ಲಕ್ಷ ಯೂನಿಟ್ ಕೊಟ್ಟರೆ ಭೂಮಿಯವರಿಗೆ ಸಿಗುವುದು ಯೂನಿಟ್‌ಗೆ ಏಳು ಪೈಸೆಗಿಂತ ಕಡಿಮೆ.

ಕಲ್ಲಿದ್ದಲಿನ ಯೂನಿಟ್‌ನಲ್ಲಿ ರೈಲಿಗೆ 130 ಪೈಸೆ ಹೋಗುತ್ತದೆಂದು ಮೇಲೆ ಬರೆದಿದ್ದೆ. ಅದರ ಪಕ್ಕದಲ್ಲಿ ಈ ಏಳು ಪೈಸೆಯನ್ನು ಬರೆದಾಗ ನನ್ನ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಪಾವಗಡದಲ್ಲಿ 2016ರಲ್ಲಿ ಹರಾಜಾದ ಮೊದಲ ಸೌರ ವಿದ್ಯುತ್ತಿನ ದರ ಯೂನಿಟ್‌ಗೆ 4.80 ರೂಪಾಯಿಯ ಆಸುಪಾಸಿನಲ್ಲಿತ್ತು. ಮರುವರ್ಷವೇ ರಾಜಸ್ಥಾನದ ಭಡ್ಲಾದಲ್ಲಿ 2.44ಕ್ಕೆ ಇಳಿಯಿತು. ಈ ಇಳಿಕೆಯ ಲಾಭದಲ್ಲಿ ಇನ್ನೊಂದು ಮೂರು ಪೈಸೆಯನ್ನು ಭೂರಹಿತರಿಗಾಗಿ ತೆಗೆದಿರಿಸಿದ್ದರೂ ವಿದ್ಯುತ್ ತುಟ್ಟಿಯಾಗುತ್ತಿರಲಿಲ್ಲ. ನೀವು ಹೇಳಿದ ನಷ್ಟ ಯಾವ ಬಾಬಿನಲ್ಲೂ ಬರುತ್ತಿಲ್ಲ, ಬರಬೇಕಿತ್ತು.

ಪಡುಬಿದ್ರಿ ಬದಿ

ನಮ್ಮೂರ ಹತ್ತಿರ 1200 ಮೆಗಾವ್ಯಾಟ್‌ನ ಸ್ಥಾವರವಿದೆ. ಅದು ನಂಬಿರುವುದು ಹಡಗಿನಲ್ಲಿ ಮಂಗಳೂರು ಬಂದರಿಗೆ ಬರುವ ವಿದೇಶಿ ಕಲ್ಲಿದ್ದಲನ್ನು. ಅದರಲ್ಲಿ ಬೂದಿ ಕಡಿಮೆ, ಶಾಖ ಹೆಚ್ಚು. ಹಾಗಾದರೆ ಅದೇ ಒಳ್ಳೆಯದಲ್ಲವೇ ಎಂದು ಯಾರಾದರೂ ಕೇಳಬಹುದು. ಅದರ ಬೆಲೆಯನ್ನು ನಿರ್ಧರಿಸುವುದು ಇಂಡೋನೇಷ್ಯಾದ ಸರ್ಕಾರ, ಹಡಗಿನ ಬಾಡಿಗೆ, ಡಾಲರ್. ಇವುಗಳಲ್ಲಿ ಒಂದೂ ನಮ್ಮ ಕೈಯಲ್ಲಿಲ್ಲ. ಗುಜರಾತಿನ ಮುಂದ್ರಾದಲ್ಲಿ ಯೂನಿಟ್‌ಗೆ 2.26 ರೂಪಾಯಿಗೆ ಕೊಡುತ್ತೇವೆಂದು ಬಿಡ್ ಗೆದ್ದ ಬೃಹತ್ ಸ್ಥಾವರವೊಂದು, ಇಂಡೋನೇಷ್ಯಾ ತನ್ನ ರಫ್ತು ಬೆಲೆಯ ನಿಯಮ ಬದಲಿಸಿದ ಮೇಲೆ ನಷ್ಟಕ್ಕೆ ಬಿದ್ದು, ಹೆಚ್ಚಿನ ದರ ಕೇಳಿ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಪರದೇಶದ ಕಾನೂನು ಬದಲಾದದ್ದು ದರ ಏರಿಸಲು ಕಾರಣವಾಗದು ಎಂದು ಕೋರ್ಟ್ 2017ರಲ್ಲಿ ಹೇಳಿತು. 2022ರಲ್ಲಿ ಉಕ್ರೇನ್ ಯುದ್ಧ ಆರಂಭವಾದಾಗ ಕಲ್ಲಿದ್ದಲಿನ ಅಂತರರಾಷ್ಟ್ರೀಯ ಬೆಲೆ ಟನ್ನಿಗೆ 400 ಡಾಲರ್ ದಾಟಿತು.

ಮಂಗಳೂರಿನ ಹಿರಿಯರಿಗೆ ತಣ್ಣೀರುಬಾವಿಯ ತೇಲುವ ಸ್ಥಾವರ ನೆನಪಿರಬಹುದು. ಗುರುಪುರ ನದಿಯಲ್ಲಿ ಬಾರ್ಜ್ ಮೇಲೆ ನಿಂತಿದ್ದ 220 ಮೆಗಾವ್ಯಾಟ್, ಕಚ್ಚಾ ತೈಲದಿಂದ ತೆಗೆಯುವ ನಾಫ್ತಾದಿಂದ ಓಡುತ್ತಿತ್ತು. ನಾಫ್ತಾ ತುಟ್ಟಿಯಾಗಿ, ಒಪ್ಪಂದ ಮುಗಿದ ಮೇಲೆ ಬಾರ್ಜ್ ಕಾಕಿನಾಡಕ್ಕೆ ಹೋಯಿತು.

ಲೆಕ್ಕದ ಪುಸ್ತಕ

ಅನಿಲದ ಲೆಕ್ಕವನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. ಯಲಹಂಕದಲ್ಲಿ 370 ಮೆಗಾವ್ಯಾಟ್‌ನ ಅನಿಲ ಸ್ಥಾವರವಿದೆ. ಒಳ್ಳೆಯ ಯಂತ್ರ, ಬೇಗ ಏರುತ್ತದೆ, ಬೇಗ ಇಳಿಯುತ್ತದೆ. ಆದರೆ ಹೊರದೇಶದಿಂದ ಬರುವ ದ್ರವೀಕೃತ ಅನಿಲ ಹತ್ತು ಲಕ್ಷ ಬಿಟಿಯುಗೆ (ಶಾಖದ ಅಳತೆ) 10 ಡಾಲರ್ ಇದ್ದರೂ ಯೂನಿಟ್‌ಗೆ ಇಂಧನವೇ ಆರು ರೂಪಾಯಿ ಆಗುತ್ತದೆ. ಅದನ್ನು ದಿನವಿಡೀ ಓಡಿಸುವ ಮಾತೇ ಇಲ್ಲ.

ನಾಟಿಂಗ್‌ಹ್ಯಾಮ್ ಕನ್ನಡಿಗ

ನಾನು ದಿನವೂ ರೈಲಿನಲ್ಲಿ ಹೋಗುವ ದಾರಿಯಲ್ಲಿ ರ್‍ಯಾಟ್‌ಕ್ಲಿಫ್ ಸ್ಥಾವರದ ಎಂಟು ದೊಡ್ಡ ತಂಪುಗೋಪುರಗಳು ಕಾಣುತ್ತವೆ. 2024ರ ಸೆಪ್ಟೆಂಬರ್ 30ರಂದು ಅದು ನಿಂತಿತು. ಬ್ರಿಟನ್ನಿನ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರ ಅದೇ. 1882ರಲ್ಲಿ ಲಂಡನ್ನಿನ ಹಾಲ್‌ಬರ್ನ್‌ನಲ್ಲಿ ಆರಂಭವಾದದ್ದು 142 ವರ್ಷಕ್ಕೆ ಮುಗಿಯಿತು. 2012ರಲ್ಲಿ ಕೂಡ ಇಲ್ಲಿ ಶೇ 40ರಷ್ಟು ವಿದ್ಯುತ್ ಕಲ್ಲಿದ್ದಲಿನಿಂದಲೇ ಬರುತ್ತಿತ್ತು. ಅಷ್ಟು ಬೇಗ ಇಳಿದದ್ದಕ್ಕೆ ಮುಖ್ಯ ಕಾರಣ ಇಂಗಾಲದ ಮೇಲಿನ ತೆರಿಗೆ. ಹೊಗೆಯಲ್ಲಿ ಹೋಗುವ ಇಂಗಾಲದ ಡೈಆಕ್ಸೈಡ್‌ನ ಟನ್ನಿಗೆ 18 ಪೌಂಡ್ ಹೆಚ್ಚುವರಿ ಬಿದ್ದಾಗ ಅನಿಲಕ್ಕಿಂತ ಕಲ್ಲಿದ್ದಲು ತುಟ್ಟಿಯಾಯಿತು, ಮಾರುಕಟ್ಟೆಯೇ ಅದನ್ನು ಪಕ್ಕಕ್ಕೆ ಸರಿಸಿತು. ಆದರೆ ಇಲ್ಲಿ ಉತ್ತರ ಸಮುದ್ರದ ಅನಿಲ ಕೈಯಳತೆಯಲ್ಲಿತ್ತು, ವಿದ್ಯುತ್ ಬೇಡಿಕೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿತ್ತು. ಕರ್ನಾಟಕದಲ್ಲಿ ಎರಡೂ ಇಲ್ಲ. ಅನಿಲವನ್ನು ನೆಚ್ಚಿಕೊಂಡ ತಪ್ಪಿಗೆ 2022ರ ಚಳಿಗಾಲದಲ್ಲಿ ನಮ್ಮ ಬೀದಿಯ ಮುದುಕಿಯೊಬ್ಬರು ಹೀಟರ್ ಹಚ್ಚಲು ಹೆದರಿ ಕೋಟು ಹಾಕಿಕೊಂಡೇ ಮಲಗುತ್ತಿದ್ದರು ಎಂಬುದನ್ನೂ ಹೇಳಬೇಕು.

ಬಾಯ್ಲರ್ ವಿಭಾಗ (ನಿವೃತ್ತ)

ತೆರಿಗೆಯ ಮಾತು ಬಂದದ್ದರಿಂದ ಒಂದು ಪ್ರಶ್ನೆ. ನಮ್ಮಲ್ಲೂ ಕಲ್ಲಿದ್ದಲಿನ ಟನ್ನಿಗೆ 400 ರೂಪಾಯಿ ಸೆಸ್ ಇತ್ತಲ್ಲ, ಅದನ್ನು ತೆಗೆದದ್ದರಿಂದ ಏನಾಯಿತು?

ಲೆಕ್ಕದ ಪುಸ್ತಕ

2010ರಲ್ಲಿ 50 ರೂಪಾಯಿಯಿಂದ ಆರಂಭವಾಗಿ 2016ರ ಹೊತ್ತಿಗೆ 400 ಆಗಿತ್ತು. ಯೂನಿಟ್‌ಗೆ 26 ಪೈಸೆ. ಶುದ್ಧ ಇಂಧನಕ್ಕೆಂದು ಎತ್ತಲು ಶುರುಮಾಡಿದ ಹಣ ಜಿಎಸ್‌ಟಿ ಬಂದ ಮೇಲೆ ರಾಜ್ಯಗಳಿಗೆ ಪರಿಹಾರ ಕೊಡಲು ಹೋಯಿತು. 2025ರ ಸೆಪ್ಟೆಂಬರ್ 22ರಿಂದ ಸೆಸ್ ರದ್ದಾಗಿ, ಕಲ್ಲಿದ್ದಲಿನ ಜಿಎಸ್‌ಟಿ ಶೇ 5ರಿಂದ 18ಕ್ಕೆ ಏರಿತು. ಗಣಿಯಲ್ಲಿ 1,500 ರೂಪಾಯಿಯ ಕಲ್ಲಿದ್ದಲಿಗೆ ಮೊದಲು 475 ತೆರಿಗೆ ಬೀಳುತ್ತಿತ್ತು, ಈಗ 270. ಬೆಲೆ 3,077 ರೂಪಾಯಿಗಿಂತ ಹೆಚ್ಚಿದ್ದರೆ ಮಾತ್ರ ಹೊಸ ಪದ್ಧತಿಯಲ್ಲಿ ತೆರಿಗೆ ಜಾಸ್ತಿ. ಹಾಗಾಗಿ ಬೂದಿ ಹೆಚ್ಚಿರುವ ಅಗ್ಗದ ದೇಶೀ ಕಲ್ಲಿದ್ದಲಿಗೆ ಲಾಭ, ತುಟ್ಟಿಯ ವಿದೇಶಿ ಕಲ್ಲಿದ್ದಲಿಗೆ ಹೊರೆ. ವಿದ್ಯುತ್ ಜಿಎಸ್‌ಟಿಯ ಹೊರಗಿರುವುದರಿಂದ ಕಲ್ಲಿದ್ದಲಿಗೆ ತೆತ್ತ ತೆರಿಗೆ ಸ್ಥಾವರಕ್ಕೆ ವಾಪಸು ಜಮೆಯಾಗುವುದಿಲ್ಲ. ಪೂರ್ತಿ ಬಿಲ್ಲಿಗೇ ಸೇರುತ್ತದೆ.

ಕಾರ್ಗಲ್ ಹೆಣ್ಣುಮಗಳು

ಇಷ್ಟು ಹೊತ್ತು ಯಾರೂ ನೀರಿನ ಮಾತೆತ್ತಲಿಲ್ಲ. ಶರಾವತಿಯ 1035 ಮೆಗಾವ್ಯಾಟ್ ಇಂದಿಗೂ ರಾಜ್ಯದ ಅತಿ ಅಗ್ಗದ ವಿದ್ಯುತ್ತುಗಳಲ್ಲಿ ಒಂದು, ಪೈಸೆಗಳಲ್ಲಿ ಲೆಕ್ಕ ಹಾಕುವಂಥದ್ದು. ಅದು ಅಗ್ಗವಾದದ್ದು ಲಿಂಗನಮಕ್ಕಿಯಲ್ಲಿ ಮುಳುಗಿದ ಊರುಗಳ ಬೆಲೆಯನ್ನು ಯಾರೂ ಲೆಕ್ಕದ ಪುಸ್ತಕದಲ್ಲಿ ಬರೆಯದೆ ಇದ್ದುದರಿಂದ. ನನ್ನ ಅಜ್ಜಿ ಬಿಟ್ಟು ಬಂದ ಅಡಿಕೆ ತೋಟ ನೀರಿನಡಿ ಇದೆ. ಪಾವಗಡದ ಅಣ್ಣನವರ ಪ್ರಶ್ನೆ ನನ್ನ ಪ್ರಶ್ನೆಯೂ ಹೌದು. ಈಗ ರಾತ್ರಿಯ ವಿದ್ಯುತ್ತಿಗೆಂದು ಅದೇ ಕಣಿವೆಯಲ್ಲಿ 2000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ (ನೀರನ್ನು ಮೇಲೇರಿಸಿಟ್ಟು, ಬೇಕಾದಾಗ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವುದು) ತರುತ್ತಿದ್ದಾರೆ. ಸಿಂಗಳೀಕಗಳ ಅಭಯಾರಣ್ಯದ ಕಾಡು ಇನ್ನೊಮ್ಮೆ ಕೊಡಬೇಕಂತೆ. ಸಂಜೆಯ ವಿದ್ಯುತ್ತಿಗೆ ಬೇರೆ ದಾರಿಯೇ ಇಲ್ಲವೇ?

ಲೆಕ್ಕದ ಪುಸ್ತಕ

ಮೇಡಂ, ನಿಮ್ಮ ಮಾತು ಸತ್ಯ. ದಾರಿಯೊಂದಿದೆ, ಲೆಕ್ಕ ಹೀಗಿದೆ.

ಬ್ಯಾಟರಿ ಸಂಗ್ರಹಕ್ಕೆ 2022ರ ದೊಡ್ಡ ಟೆಂಡರ್‌ನಲ್ಲಿ ಮೆಗಾವ್ಯಾಟ್‌ಗೆ ತಿಂಗಳಿಗೆ 10.84 ಲಕ್ಷ ಬಾಡಿಗೆ ಬಂದಿತ್ತು. 2024ರ ಕೊನೆಗೆ ಕೇಂದ್ರದ ಸಹಾಯಧನ ಸೇರಿ ಅದು 2.2 ಲಕ್ಷದ ಹತ್ತಿರ ಬಂತು. ಎರಡು ಗಂಟೆಯ ಬ್ಯಾಟರಿ ದಿನಕ್ಕೊಮ್ಮೆ ತುಂಬಿ ಬರಿದಾದರೆ ತಿಂಗಳಿಗೆ 60,000 ಯೂನಿಟ್. ಬಾಡಿಗೆ ಯೂನಿಟ್‌ಗೆ 3.67. ತುಂಬಿದ್ದರಲ್ಲಿ ಶೇ 15 ಸೋರಿಹೋಗುತ್ತದೆಂದರೆ 2.60ರ ಸೌರ ವಿದ್ಯುತ್ 3.06 ಆಗುತ್ತದೆ. ಎರಡೂ ಸೇರಿ ಸಂಜೆಯ ಯೂನಿಟ್‌ಗೆ 6.73. ಅರ್ಧ ಹೊತ್ತು ಓಡುವ ಹೊಸ ಕಲ್ಲಿದ್ದಲು ಸ್ಥಾವರದ್ದು ಸ್ಥಿರ ವೆಚ್ಚ 3.08 ಮತ್ತು ಇಂಧನ 3.25 ಸೇರಿ 6.33. ಇನ್ನೂ 40 ಪೈಸೆ ಕಲ್ಲಿದ್ದಲೇ ಅಗ್ಗ ಎಂದು ಒಪ್ಪಬೇಕಾಗುತ್ತದೆ. ಸಾಲ ತೀರಿದ ಹಳೆಯ ಸ್ಥಾವರಗಳನ್ನು ಈಗಲೇ ಮುಚ್ಚುವುದಂತೂ ತರವಲ್ಲ. 2023ರ ಬರದಲ್ಲಿ ಲಿಂಗನಮಕ್ಕಿ ತುಂಬದೆ, ಅಕ್ಟೋಬರ್ ತಿಂಗಳಲ್ಲೇ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಶುರುವಾಗಿ ರಾಜ್ಯ ಪರದಾಡಿದಾಗ ಅವೇ ನಮ್ಮನ್ನು ಕಾಪಾಡಿದವು.

ಬಾಯ್ಲರ್ ವಿಭಾಗ (ನಿವೃತ್ತ)

ಸರ್, ಒಂದು ತಿದ್ದುಪಡಿ. ಹೊಸ 800 ಮೆಗಾವ್ಯಾಟ್ ಘಟಕ ಪೂರ್ತಿ ಲೋಡಿನಲ್ಲಿ 620 ಗ್ರಾಂನಲ್ಲೇ ಯೂನಿಟ್ ಕೊಡಬಲ್ಲದು. ಅರ್ಧ ಲೋಡಿನಲ್ಲಿ ಓಡಿದರೆ ಶೇ 5ರಷ್ಟು ಹೆಚ್ಚು ತಿಂದು ಮತ್ತೆ ನಿಮ್ಮ 650ಕ್ಕೇ ಬರುತ್ತದೆ. ಅಲ್ಲಿಗೆ ಸರಿ. ಆದರೆ ಸ್ಥಾವರ ಉತ್ಪಾದಿಸಿದ್ದೆಲ್ಲ ಲೈನಿಗೆ ಹೋಗುವುದಿಲ್ಲ. ಕಲ್ಲಿದ್ದಲು ಪುಡಿಮಾಡುವ ಮಿಲ್‌ಗಳು, ಗಾಳಿಯ ಫ್ಯಾನ್‌ಗಳು, ನೀರಿನ ಪಂಪ್‌ಗಳು ಸೇರಿ ಹೊಸ ಘಟಕದಲ್ಲೂ ಶೇ 6ರಷ್ಟನ್ನು ಸ್ಥಾವರವೇ ಬಳಸಿಕೊಳ್ಳುತ್ತದೆ. ಹಳೆಯ 210 ಮೆಗಾವ್ಯಾಟ್ ಘಟಕಗಳಲ್ಲಿ ಶೇ 8, 9 ಆಗುತ್ತಿತ್ತು. ನೀವು ಉತ್ಪಾದನೆಯ ಮೇಲೆ ಭಾಗಿಸಿದ್ದೀರಿ, ಹೊರಗೆ ಕಳಿಸಿದ್ದರ ಮೇಲೆ ಭಾಗಿಸಬೇಕು.

ಲೆಕ್ಕದ ಪುಸ್ತಕ

ಹಿರಿಯರು ಹಿಡಿದ ತಪ್ಪು ಸರಿಯಾದದ್ದು, ಕ್ಷಮೆಯಿರಲಿ. 6.33ನ್ನು 0.94ರಿಂದ ಭಾಗಿಸಿದರೆ 6.73 ಬರುತ್ತದೆ. ಬ್ಯಾಟರಿಯ ಅಂಕಿಯೂ 6.73. ಇಷ್ಟು ಸರಿಸಮ ಬಂದದ್ದು ನಾನು ಆರಿಸಿಕೊಂಡ ಅಂಕಿಗಳ ಕಾಕತಾಳೀಯ. ರೈಲು ಬಾಡಿಗೆ ಟನ್ನಿಗೆ ನೂರು ರೂಪಾಯಿ ಏರಿದರೆ ಕಲ್ಲಿದ್ದಲು ಏಳು ಪೈಸೆ ತುಟ್ಟಿ, ಸಹಾಯಧನ ನಿಂತರೆ ಬ್ಯಾಟರಿ ಅದಕ್ಕಿಂತ ಹೆಚ್ಚು ತುಟ್ಟಿ. ಶೇ 85ರಷ್ಟು ಓಡುವ ಹೊಸ ಸ್ಥಾವರದ ಯೂನಿಟ್ 620 ಗ್ರಾಂ ಹಿಡಿದು ಇದೇ ರೀತಿ ತಿದ್ದಿದರೆ 5.22 ಆಗುತ್ತದೆ. ಅಷ್ಟು ಓಡಿಸುವಷ್ಟು ಹಗಲಿನ ಬೇಡಿಕೆ ಮುಂದಿನ 25 ವರ್ಷ ಅದಕ್ಕೆ ಸಿಗುತ್ತದೆಯೇ ಎಂಬುದನ್ನು ಹೊಸ ಒಪ್ಪಂದಕ್ಕೆ ಸಹಿ ಹಾಕುವವರು ಹೇಳಬೇಕು. ವಿದ್ಯುತ್ ನಿಯಂತ್ರಣ ಆಯೋಗ ದರ ಪರಿಷ್ಕರಣೆಗೆ ಆಕ್ಷೇಪಣೆ ಕರೆದಾಗ ನಾನು ಈ ಒಂದು ಪ್ರಶ್ನೆಯನ್ನೇ ಬರೆದು ಕಳಿಸುವವನಿದ್ದೇನೆ.

ತಿರುಮಣಿ ಕಡೆಯವ

ಕಳಿಸುವಾಗ ಭೂಮಿಯ ಗುತ್ತಿಗೆಯ ಆ ಏಳು ಪೈಸೆಯ ಸಾಲನ್ನೂ ಸೇರಿಸಿ ಸರ್. ಸಹಿ ಹಾಕಲು ನಮ್ಮೂರಿನಿಂದ ನಾನು ಬರುತ್ತೇನೆ.